ನಿನ್ನೆಯ ಹಾಲು

ನಮ್ಮ ಆಫೀಸಿನ ಕಂಪ್ಯೂಟರಿಗೂ ಗೋಡೆಯ ಕ್ಯಾಲೆಂಡರಿಗೂ ಮಾತು ಬಿಟ್ಟು ವರ್ಷವಾಯಿತು. ಅವೆರಡರ ನಡುವೆ ರಾಜಿ ಮಾಡಿಸುವುದೇ ಚಿತ್ರದುರ್ಗದಲ್ಲಿ ನನ್ನ ನೌಕರಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಿಂದ ನಮ್ಮ ಡೈರಿಗೆ ಎಷ್ಟು ಹಾಲು ಬಂತೆಂದು ಕಂಪ್ಯೂಟರ್ ಪರದೆಯ ಡ್ಯಾಶ್‌ಬೋರ್ಡಿನಲ್ಲಿ ನೋಡಿ ಮ್ಯಾನೇಜರಿಗೆ ಹೇಳಬೇಕು. ‘ಇಂದು’, ‘ನಿನ್ನೆ’, ‘ಕಳೆದ 7 ದಿನ’ ಎಂದೆಲ್ಲ ಗುಂಡಿಗಳಿವೆ. ಒತ್ತಿದರೆ ಏನು ಬರುತ್ತದೆಂದು ದೇವರಿಗೇ ಗೊತ್ತು.

ಎಮ್ಮೆಗೆ ಯಾರು ಹೇಳೋರು?

ಹರಿಯಬ್ಬೆಯ ಹಾಲು ಸಂಗ್ರಹ ಕೇಂದ್ರದಲ್ಲಿ ಹಾಲು ಅಳೆಯುವ ಅಕ್ಕ ಒಂದು ದಿನವೂ ತಪ್ಪಿಸಿದವರಲ್ಲ. ಆದರೂ ಬೆಳಿಗ್ಗೆ ‘ಇಂದು’ ಒತ್ತಿದರೆ ಅವರದು ಸೊನ್ನೆ. ಹದಿನೈದು ದಿನ ಸೊನ್ನೆ ನೋಡಿದ ಮ್ಯಾನೇಜರ್, ಕೇಂದ್ರ ಮುಚ್ಚುವ ಪತ್ರ ಟೈಪ್ ಮಾಡಿಸಿಬಿಟ್ಟರು.

ತಲೆ ಕೆರೆದುಕೊಂಡು ಹುಡುಕಿದೆ. ಸಾಫ್ಟ್‌ವೇರಿನ ಗಡಿಯಾರ ಲಂಡನ್ ಕಡೆಯದು. ನಮಗೆ ಬೆಳಗಿನ ಐದೂವರೆಯಾದಾಗ ಅದಕ್ಕೆ ಹೊಸ ದಿನ. ಹರಿಯಬ್ಬೆ ನಮ್ಮ ವ್ಯಾನಿನ ಮೊದಲ ಊರು, ಅಲ್ಲಿಗೆ ಅದು ಬರುವುದೇ ಐದೂವರೆಗೆ, ಅಷ್ಟರೊಳಗೆ ಅಕ್ಕ ಅಳೆದು ಮುಗಿಸಿರುತ್ತಿದ್ದರು. ಅಷ್ಟೂ ಹಾಲು ‘ನಿನ್ನೆ’ಗೆ ಹೋಗಿ ಸೇರುತ್ತಿತ್ತು. ಮ್ಯಾನೇಜರಿಗೆ ಹೇಳಿದರೆ, ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ, ಮನುಷ್ಯ ಹೇಳುತ್ತಾನೆ ಎಂದರು. ಬೇರೆ ದಾರಿ ಕಾಣದೆ ಅಕ್ಕನಿಗೇ ಫೋನು ಮಾಡಿ, ಹಾಲು ಕರೆಯುವುದನ್ನು ಒಂದು ಗಂಟೆ ಮುಂದಕ್ಕೆ ಹಾಕಲಾಗುತ್ತದೆಯೇ ಎಂದು ಕೇಳಿದೆ.

“ಜನಕ್ಕೆ ನಾನು ಹೇಳ್ತೀನಿ ಸಾರ್. ಎಮ್ಮೆಗೆ ಯಾರು ಹೇಳೋರು?”

ಎಂಟನೆಯ ದಿನ

ಅದೇ ಹೊತ್ತಿಗೆ ಹೊಳಲ್ಕೆರೆ ಕಡೆಯ ಕೇಂದ್ರದವರೊಬ್ಬರನ್ನು, ಎಂಟು ದಿನದ ವರದಿ ಕಳಿಸಿ ಎಂದು ಕೇಳಿದೆ. ನಮ್ಮಲ್ಲಿ ವಾರಕ್ಕೆ ಎಂಟು ದಿನ ಅನ್ನುವುದು ರೂಢಿ. ಗುಂಡಿಯಲ್ಲಿ ಇದ್ದದ್ದು ಏಳು. ಆ ಮನುಷ್ಯ ಬಲು ನಿಯತ್ತಿನವರು, ಒಂದು ದಿನ ಕಡಿಮೆ ಬಿತ್ತಲ್ಲ ಎಂದು ನಾಳೆಯ ಹಾಲನ್ನೂ ಬರೆದು ಎಂಟು ಮಾಡಿ ಕಳಿಸಿದರು. ನಾಳೆಯ ಹಾಲು ಇವತ್ತೇ ಹೇಗೆ ಬಂತೆಂದು ಮ್ಯಾನೇಜರ್ ಫೋನಿನಲ್ಲಿ ಗುಡುಗಿದರು.

“ಅವೇ ಹಸ ಅಲ್ವಾ ಸಾರ್,” ಅಂದರು ಕೇಂದ್ರದವರು ಸಮಾಧಾನವಾಗಿ. “ನಾಳೆ ಬೇರೆ ಏನ್ ಕೊಡ್ತಾವೆ?”

ಲೋಟದಲ್ಲಿ ಏನಿತ್ತು

ಇದರಿಂದ ಮ್ಯಾನೇಜರಿಗೆ ಎಲ್ಲರ ಮೇಲೂ ಅನುಮಾನ ಹುಟ್ಟಿತು. ಹರಿಯಬ್ಬೆಗೆ ತಾವೇ ಹೋಗಿ ಪತ್ರ ಕೊಟ್ಟು ಬರುತ್ತೇನೆಂದು ನನ್ನನ್ನೂ ಜೀಪಿಗೆ ಹತ್ತಿಸಿಕೊಂಡರು. ನಾವು ತಲುಪಿದಾಗ ಬೆಳಗಿನ ಏಳು ಗಂಟೆ, ವ್ಯಾನು ಹೋಗಿಯಾಗಿತ್ತು. ಅಕ್ಕ ಕ್ಯಾನು ತೊಳೆಯುತ್ತಿದ್ದರು. ಕುಂತ್ಕಳ್ರಿ ಸಾರ್ ಎಂದು ಕುರ್ಚಿ ಹಾಕಿ, ಗಟ್ಟಿ ಹಾಲಿನ ಚಹಾ ಮಾಡಿ ತಂದರು.

ಮ್ಯಾನೇಜರ್ ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ತೆಗೆದು ‘ಇಂದು’ ಒತ್ತಿದರು. ಸೊನ್ನೆ. ಚಹಾ ಗುಟುಕರಿಸುತ್ತಲೇ, ಇವತ್ತು ಈ ಊರಲ್ಲಿ ಹಾಲೇ ಬಂದಿಲ್ಲವಲ್ಲಮ್ಮ ಎಂದರು. ಪತ್ರ ಅವರ ಜೇಬಿನಲ್ಲಿತ್ತು.

ಅಕ್ಕ ಲೋಟವನ್ನೇ ನೋಡಿದರು. “ಹಂಗಾದ್ರೆ ನೀವು ಕುಡೀತಿರೋದು ನಿನ್ನೇದು ಸಾರ್. ವಾಸ್ನೆ ಬಂದೈತೇನೋ ನೋಡ್ಕಳ್ರಿ.”

ಮ್ಯಾನೇಜರ್ ನಿಜವಾಗಿಯೂ ಲೋಟ ಮೂಗಿಗೆ ಹಿಡಿದು ಮೂಸಿದರು. ಮೊಬೈಲ್ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಜೇಬಿನ ಪತ್ರ ತೆಗೆದು ನಾಲ್ಕಾಗಿ ಹರಿದು, ಉಳಿದ ಚಹಾ ಮುಗಿಸಿ ಖಾಲಿ ಲೋಟ ಮುಂದೆ ಚಾಚಿದರು.

“ಇನ್ನರ್ಧ ಲೋಟ ನಿನ್ನೇದನ್ನೇ ಹಾಕಮ್ಮ.”