ಸೋತವರು ಅಳಬೇಕು

ದೇಶವೆಲ್ಲ ಸುತ್ತಿ ಬಂದವಳಿಗೆ ಕೋಲಾರದಲ್ಲಿ ದಾರಿ ತಪ್ಪಿತ್ತು. ಹೂವಿನಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿ, “ಆಸ್ಪತ್ರೆಗೆ ಹೇಗೆ ಹೋಗ್ಬೇಕಣ್ಣಾ?” ಎಂದೆ.

“ಪೇಷಂಟ್ ಇದಾರಾ, ಹೋಗ್ಬಿಟ್ರಾ? ಇದ್ರೆ ಮುಂದಿನ ಗೇಟು, ಇಲ್ಲಾಂದ್ರೆ ಹಿಂದಿನದು.”

“ನನಗಿನ್ನೂ ಪೇಷಂಟೇ ಕೊಟ್ಟಿಲ್ಲ.”

ದಿಕ್ಕಿಲ್ಲದ ರೋಗಿಗಳ ಜೊತೆ ಕೂತು ಮಾತಾಡೋ ಸ್ವಯಂಸೇವೆಗೆ ಸೇರಿದ್ದೇನೆ ಎಂದು ವಿವರಿಸಿದೆ.

“ಹಾಗಾದ್ರೆ ಮುಂದಿನ ಗೇಟೇ ಮೇಡಂ. ಹಾರ ಆಮೇಲೆ ತಗೊಳ್ಳೋರಂತೆ.”

ಈ ಕೆಲಸದಲ್ಲಿ ನಗು ಹೀಗೇ, ಬರಬಾರದ ಜಾಗದಲ್ಲೇ ಬರುತ್ತೆ.

ಕಡೆಯವರು

ನನಗೆ ಸಿಕ್ಕಿದ್ದು ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುತ್ತಿದ್ದ ತಾತ. ಕಲ್ಲಿನ ಧೂಳು ಕುಡಿದು ಕುಡಿದು ಎದೆಗೂಡೇ ಕಲ್ಲಾಗಿತ್ತು. ಹೆಂಡತಿ ಮಕ್ಕಳಿಲ್ಲ. ಸಾಯೋಕೆ ಭಯವಿರಲಿಲ್ಲ, ಹೆಣದ ಮುಂದೆ ಅಳೋಕೆ ಒಬ್ಬರೂ ಇರಲ್ಲ ಅನ್ನೋದೇ ದುಃಖ.

“ಈ ಪೇಷಂಟ್ ಕಡೆಯವರು ಯಾರು?” ನರ್ಸ್ ಕೂಗಿದಳು. ನಾನು ಕೈಯೆತ್ತಿದೆ.

ತಾತ ಮಾಸ್ಕ್ ಸರಿಸಿದ. “ಹೌದಮ್ಮ. ಮೊದಲಿನೋರೆಲ್ಲ ಹೋದ್ರು, ಕಡೆಯೋಳು ಇವಳೇ.”

ಪಂದ್ಯ

ಒಂದು ಕಡೆ ಕೂರುವುದು ನನ್ನ ಜಾಯಮಾನವಲ್ಲ. ಮಾತು ಮುಗಿದು ಚಡಪಡಿಕೆ ಶುರುವಾದಾಗ ಮಂಚದ ಮೇಲೇ ಚೌಕಾಬಾರ ಹಾಸಿದೆ.

“ಸೋತೋರು ಅಳ್ಬೇಕು,” ಎಂದ ತಾತ. “ಈಗಲ್ಲ, ನಾನು ಹೋದ್ಮೇಲೆ.”

“ನೀವೇ ಸೋತ್ರೆ?”

“ಸೋತ್ರೆ ಹೋಗಲ್ಲ ಬಿಡು.”

ಅದಕ್ಕಾದರೂ ಗೆಲ್ಲೋಣವೆಂದು ಕಳ್ಳಾಟವನ್ನೂ ಆಡಿದೆ. ಸೋತೆ.

“ನಮ್ಮನೆ ಮಾತು ತೆಲುಗು, ತೆಲುಗಲ್ಲೇ ಅಳ್ಬೇಕು. ನಮ್ಮ ಮನೆಯೋಳು ಅನ್ನಿಸ್ಬೇಕು.”

“ನನಗೆ ತೆಲುಗು ಬರಲ್ಲವಲ್ಲ ತಾತ.”

“ಅಳೋಕೆ ಎಷ್ಟು ತೆಲುಗು ಬೇಕು? ‘ಎಳ್ಳಿಪೋತಿವಾ ನಾಯನಾ!’ ಹೊರಟೋದ್ಯಾ ಅಪ್ಪಾ ಅಂತ. ಅಷ್ಟೇ.”

ಸಾಯುವವನೇ ಅಳು ಹೇಳಿಕೊಟ್ಟ. ರಾಗ ಸಾಲದೆಂದು ಬೈದ ಕೂಡ.

ಬಾಕಿ

ಮುಂದಿನ ವಾರ ನಾನು ಹೋದಾಗ ತಾತನ ಮುಖಕ್ಕೆ ಬಟ್ಟೆ ಎಳೆಯುತ್ತಿದ್ದರು. ಕಲಿತದ್ದೆಲ್ಲ ತಲೆಕೆಳಗಾಗಿ, “ವಚ್ಚೇಸ್ತಿವಾ ನಾಯನಾ!” ಎಂದು ಚೀರಿದೆ.

ಪಕ್ಕದ ಮಂಚದ ರೋಗಿಯ ಹೆಂಡತಿ, ತೆಲುಗು ಬಲ್ಲ ಶ್ರೀನಿವಾಸಪುರದಾಕೆ, ಹೌಹಾರಿ ಎದ್ದಳು. “ಅಯ್ಯೋ, ‘ಬಂದ್ಬಿಟ್ಯಾ ಅಪ್ಪಾ’ ಅಂತ ಅಳ್ತಿದೀಯಲ್ಲೇ! ಎದ್ದು ಬಂದಾನು!”

ವಾರ್ಡೆಲ್ಲ ನಕ್ಕಿತು. ಬಟ್ಟೆ ಹಿಡಿದಿದ್ದ ಅಟೆಂಡರ್ ಕೂಡ. ಆಕೆ ಬಂದು ನನ್ನ ಪಕ್ಕ ಕೂತಳು, ಸೆರಗು ಬಾಯಿಗಿಟ್ಟುಕೊಂಡು ತಾನೇ ಎತ್ತಿಕೊಟ್ಟಳು: “ಎಳ್ಳಿಪೋತಿವಾ ನಾಯನಾ...” ನಾನು ಹಿಂದೆ ಹಿಂದೆ ಅಂದೆ. ಬರಬರುತ್ತಾ ಅಳು ನಿಜವಾಯಿತು.

ಆಕೆಯ ಗಂಡ ಮಂಚದಿಂದ ಗದರಿದ: “ಸಾಕು ಕಣೇ, ನನಗೂ ಸ್ವಲ್ಪ ಉಳಿಸ್ಕೋ.”

ಆಕೆ ನಿಲ್ಲಿಸಿದಳು. ನಾನು ನಿಲ್ಲಿಸಲಿಲ್ಲ. ಸ್ಟ್ರೆಚರ್ ಹಿಂದಿನ ಗೇಟು ದಾಟುವವರೆಗೂ ಜೊತೆಗೆ ನಡೆಯುತ್ತಾ, ಸೋತದ್ದನ್ನೆಲ್ಲ ಅತ್ತು ತೀರಿಸಿದೆ.