ಬ್ರೇಕ್ ಒತ್ತಿದರೆ ಗಂಟೆ

ಊರಿಗೆಲ್ಲ ಕನ್ನಡಕ ಮಾರುವ ಮನುಷ್ಯನಿಗೆ ತನ್ನ ಮೂಗಿನ ಮೇಲೊಂದು ಕನ್ನಡಕ ಏರಿಸಿಕೊಳ್ಳಲು ನಾಚಿಕೆ. ಆವತ್ತಿನ ಅವಾಂತರಕ್ಕೆಲ್ಲ ಇದೇ ಮೂಲ. ಬೆಳಿಗ್ಗೆ ಶೆಡ್ಡಿನಲ್ಲಿ ಬಗ್ಗಿ ಕೂತು ತನ್ನ ಹಳೆಯ ಆಂಬುಲೆನ್ಸಿಗೆ ಕೊನೆಯ ಎರಡು ತಂತಿ ಜೋಡಿಸುತ್ತಿದ್ದ. ಬ್ರೇಕಿನ ಕೆಂಪು ತಂತಿ ಹಿಂದಿನ ದೀಪಕ್ಕೆ ಹೋಗಬೇಕು, ಗುಂಡಿಯ ಕಂದು ತಂತಿ ಮೇಲಿನ ಹಿತ್ತಾಳೆ ಗಂಟೆಗೆ. ಬರಿಗಣ್ಣಿಗೆ ಎರಡೂ ಒಂದೇ ಥರ ಕಂಡವು. ಸರಿಯಾಗಿಯೇ ಇರಬೇಕು ಎಂದುಕೊಂಡು ಕೈ ಒರೆಸಿಕೊಂಡ.

ಆಸ್ಪತ್ರೆಯ ಹಿತ್ತಲಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಗಾಡಿ ಅದು. ಹರಾಜಿನಲ್ಲಿ ತಂದು, ತುಕ್ಕು ಕೆರೆದು, ಬಿಳಿ ಬಣ್ಣ ಬಳಿದು, ಮಗುವಿನಂತೆ ಸಾಕಿದ್ದ. ಹಿಂಬದಿಯ ಕ್ಯಾನ್ವಾಸ್ ಸ್ಟ್ರೆಚರ್, ಮಲಗಿದವರ ಕೈಗೆ ಸಿಗುವಂತಿದ್ದ ಗಂಟೆಯ ಗುಂಡಿ, ಎಲ್ಲವೂ ಮೊದಲಿನ ಹಾಗೆಯೇ ಆಗಿದ್ದವು. ಆದರೆ ಮನೆಯಲ್ಲಿ ಆ ಶೆಡ್ಡಿನ ಮೇಲೆ ಇನ್ನೊಬ್ಬರ ಕಣ್ಣಿತ್ತು. ಅವರು ಅವನ ಮಾವ.

ಮಾವನ ಎದೆಯಲ್ಲಿ ಏನೋ ಇತ್ತು. ಏನೆಂದು ಮಾವನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅವರು ಆಸ್ಪತ್ರೆಯ ಮೆಟ್ಟಿಲು ತುಳಿದವರೇ ಅಲ್ಲ. ಮನೆಯ ಮೆಟ್ಟಿಲನ್ನಂತೂ ತುಳಿಯುವುದೇ ಇಲ್ಲವೆಂದು ಹಟ ಹಿಡಿದಿದ್ದರು. "ಮಹಡಿ ಹತ್ತೋಕೆ ನನ್ ಕೈಲಾಗಲ್ಲ. ಆ ಡಬ್ಬಾ ಗಾಡಿ ಹೊರಗೆ ಹಾಕಿ, ಶೆಡ್ಡಲ್ಲಿ ನಂಗೊಂದು ರೂಮ್ ಮಾಡ್ಕೊಡಿ."

ಅಪ್ಪ ಮತ್ತು ಗಂಡನ ನಡುವೆ ಸಿಕ್ಕಿಕೊಂಡ ಹೆಂಡತಿ ಕೊನೆಗೊಂದು ತೀರ್ಮಾನ ಕೊಟ್ಟಳು. "ಇವತ್ತು ಹಳೇ ಗಾಡಿಗಳ ಪ್ರದರ್ಶನ ಇದೆಯಲ್ಲ? ಯಾರೂ ತಳ್ಳದೆ ಹೋಗಿ ಬಂದ್ರೆ ನಿಮ್ಮ ಗಾಡಿ ಇಲ್ಲೇ ಇರ್ಲಿ. ಒಂದ್ಸಲ ತಳ್ಳಿದ್ರೂ ಸೀದಾ ಗುಜರಿಗೆ."

"ಸಾಕ್ಷಿಗೆ ನಾನೇ ಹೋಗ್ತೀನಿ" ಎಂದರು ಮಾವ. ಚಾಲಕನ ಪಕ್ಕದ ಸೀಟಿಗೆ ಇನ್ನೂ ಮೆತ್ತೆ ಹೊಲಿದಿರಲಿಲ್ಲ. ಮಾವ ಹಿಂದೆ ಹೋಗಿ ಸ್ಟ್ರೆಚರಿನ ಮೇಲೆ ಒರಗಿದರು. ತಿಂಡಿ ಗಟ್ಟಿಯಾಗಿ ತಿಂದಿದ್ದರಿಂದ ಬೀದಿ ದಾಟುವಷ್ಟರಲ್ಲಿ ಎದೆಯ ಮೇಲೆ ಕೈಯಿಟ್ಟು, ಬಾಯಿ ತೆರೆದು, ಡೋಲು ಬಡಿದರೂ ಏಳದ ಹಾಗೆ ನಿದ್ದೆಹೋದರು.

ಮೊದಲ ವೃತ್ತದಲ್ಲಿ ಅಳಿಯ ಬ್ರೇಕ್ ಒತ್ತಿದ. ಠಣ ಠಣ ಠಣ!

ಎದುರಿಗಿದ್ದ ಬಸ್ಸು ಬೆಚ್ಚಿ ಪಕ್ಕಕ್ಕೆ ಸರಿಯಿತು. ಗಾಬರಿಯಾಗಿ ಮತ್ತೆ ಬ್ರೇಕ್ ಒತ್ತಿದ, ಗಂಟೆ ಮತ್ತೆ ಕಿರುಚಿತು. ಸಂಚಾರಿ ಪೊಲೀಸಿನವನು ಓಡಿಬಂದು ಹಿಂದಿನ ಕಿಟಕಿಯಲ್ಲಿ ಇಣುಕಿದ.

"ಎಷ್ಟೊತ್ತಾಯ್ತು ಹಿಂಗಾಗಿ?"

"ತಿಂಡಿ ತಿಂದ್ಮೇಲೆ ಯಾವಾಗ್ಲೂ ಹಿಂಗೇ ಸಾರ್, ಅವರು..."

"ಮಾತಾಡ್ತಾ ನಿಂತಿದ್ದೀರಲ್ರೀ! ನನ್ ಹಿಂದೆ ಬನ್ನಿ!" ಪೊಲೀಸಿನವನು ಬೈಕ್ ಏರಿ ಸೀಟಿ ಊದುತ್ತ ಹೊರಟೇಬಿಟ್ಟ.

ಗಾಡಿ ನಿಲ್ಲಿಸಿ ವಿವರಿಸೋಣವೆಂದರೆ ಬ್ರೇಕ್ ಒತ್ತಬೇಕು, ಒತ್ತಿದರೆ ಗಂಟೆಯ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಇಂಜಿನ್ ಆರಿಸೋಣವೆಂದರೆ ಒಮ್ಮೆ ಬಿಸಿಯಾದ ಮೇಲೆ ತಳ್ಳದೆ ಮತ್ತೆ ಹೊತ್ತುವ ಜಾತಿಯದಲ್ಲ ಅದು. ಪ್ರದರ್ಶನದ ಮೈದಾನ ಎಡಕ್ಕೆ ಉಳಿಯಿತು, ಪೊಲೀಸಿನವನ ಬೈಕು ಬಲಕ್ಕೆ ತಿರುಗಿತು. ಅಳಿಯ ವಿಧಿಯಿಲ್ಲದೆ ಹಿಂಬಾಲಿಸಿದ. ಊರಿಗೆ ಊರೇ ದಾರಿ ಬಿಟ್ಟು ನಿಂತಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಸಮೇತ ಮಾವನನ್ನು ಎತ್ತಿಕೊಂಡು ಹೋದರು. ಕಣ್ಣುಬಿಟ್ಟ ಮಾವ ಜೀವಮಾನದಲ್ಲೇ ಮೊದಲ ಬಾರಿಗೆ ಕೂಗಿದರು, "ನಂಗೇನೂ ಆಗಿಲ್ಲ, ಬಿಡ್ರೋ!"

"ಎಲ್ರೂ ಹಾಗೇ ಅನ್ನೋದು ಯಜಮಾನ್ರೇ" ಎಂದು ಡಾಕ್ಟರು ಬಾಗಿಲು ಹಾಕಿಕೊಂಡರು.

ಅಳಿಯ ಹೊರಗೆ ಗುರುಗುಟ್ಟುವ ಇಂಜಿನ್ನಿಗೆ ಒಂದು ಕಿವಿ, ಒಳಗಿನ ಬಾಗಿಲಿಗೆ ಒಂದು ಕಿವಿ ಕೊಟ್ಟು ಕಾದ. ನಿಜವಾಗಿಯೂ ಏನಾದರೂ ಇದ್ದರೆ? ಎಷ್ಟು ಜಗಳವಾಡಿದರೂ ಮುದುಕ ತನ್ನವನೇ ಅಲ್ಲವೇ?

ಮಧ್ಯಾಹ್ನ ಡಾಕ್ಟರು ನಗುತ್ತ ಹೊರಬಂದರು. "ಎಲ್ಲಾ ಪರೀಕ್ಷೆ ಮಾಡಿದ್ವಿ. ಇವರ ಹೃದಯ ನಂದಕ್ಕಿಂತ ಚೆನ್ನಾಗಿದೆ. ಸಕ್ಕರೆನೂ ಇಲ್ಲ, ಬಿಪಿನೂ ಇಲ್ಲ. ಮಹಡಿ ಏನು, ಬೆಟ್ಟನೇ ಹತ್ತಬಹುದು."

ಅಳಿಯನಿಗೆ ಕುಣಿಯುವಷ್ಟು ಖುಷಿಯಾಯಿತು. ಮಾವನೂ ಉಳಿದರು, ಶೆಡ್ಡೂ ಉಳಿಯಿತು! ಮಾವ ಮಾತ್ರ ಮನೆಗೆ ಕನ್ನ ಬಿದ್ದವರಂತೆ ಮುಖ ಮಾಡಿಕೊಂಡು ಮತ್ತೆ ಗಾಡಿಯಲ್ಲಿ ಮಲಗಿದರು.

ಮೈದಾನದ ಮುಂದೆ ಹಾದಾಗ ಪೆಂಡಾಲ್ ಬಿಚ್ಚುತ್ತಿದ್ದರು. ಇರಲಿ ಬಿಡು ಎಂದುಕೊಂಡ. ದಾರಿಯುದ್ದಕ್ಕೂ ಗಂಟೆ ಬಾರಿಸುತ್ತ ಗಾಡಿ ತನ್ನ ಕಾಲ ಮೇಲೆಯೇ ಮನೆ ಸೇರಿತು. ಜನ ಈ ಸಲವೂ ದಾರಿ ಬಿಟ್ಟು ನಿಲ್ಲುವುದನ್ನು ಮಾವ ಹಿಂದಿನ ಕಿಟಕಿಯಿಂದ ಕಣ್ತುಂಬ ನೋಡಿದ್ದರು. ಹೆಂಡತಿ ಗೇಟಿನಲ್ಲೇ ನಿಂತಿದ್ದಳು. "ಅಪ್ಪಾ, ಎಲ್ಲಾದ್ರೂ ತಳ್ಳಿದ್ರಾ?"

"ಇಲ್ಲ" ಎಂದರು ಮಾವ, ಮಲಗಿದಲ್ಲಿಂದಲೇ. "ಗಾಡಿ ಇಲ್ಲೇ ಇರ್ಲಿ. ಆ ಡಾಕ್ಟ್ರು ಇನ್ನೂ ಹುಡುಗ, ಅವನಿಗೇನು ಗೊತ್ತಾಗತ್ತೆ? ನಾಳೆ ದೊಡ್ಡಾಸ್ಪತ್ರೆಗೆ ಹೋಗೋಣ. ಅಲ್ಲೂ ಗೊತ್ತಾಗದಿದ್ರೆ ಇನ್ನೊಂದಕ್ಕೆ. ಜನ ಹೆಂಗೆ ದಾರಿ ಬಿಟ್ರು ಗೊತ್ತಾ ಮಗಳೇ? ಈ ಜನ್ಮದಲ್ಲಿ ನಂಗೆ ಯಾರೂ ಹಂಗೆ ದಾರಿ ಬಿಟ್ಟಿರ್ಲಿಲ್ಲ."

ಅಳಿಯ ಬಾಯಿ ತೆರೆಯುವ ಮೊದಲೇ ಮಾವ ಮುಂದುವರಿಸಿದರು. "ನನ್ ದಿಂಬು, ಹೊದಿಕೆ ಇಲ್ಲಿಗೇ ತಂದ್ಬಿಡು. ಬೇರೆ ಕಡೆ ಮಲಗಿ ಅಲ್ಲಿಂದ ಎತ್ಕೊಂಡ್ ಬರೋದ್ಯಾಕೆ? ಇಲ್ಲೇ ಇದ್ರೆ ಇಂಜಿನ್ ಹಚ್ಚಿದ್ರಾಯ್ತು." ತಲೆಯ ಪಕ್ಕದ ಗುಂಡಿ ಒತ್ತಿದರು. ಹಿಂದುಗಡೆ ಕೆಂಪು ದೀಪ ಹೊತ್ತಿತು, ಸದ್ದಿಲ್ಲ. "ಇದೇನಪ್ಪಾ, ನಾನು ಕರೆದ್ರೆ ನಿಂಗೆ ಕೇಳಿಸೋದು ಹೆಂಗೆ? ಮೊದ್ಲು ಇದನ್ನ ಸರಿಮಾಡು."

ಅಳಿಯ ಅಂಗಡಿಗೆ ಹೋಗಿ, ಯಾರೂ ನೋಡದಂತೆ ಒಂದು ಕನ್ನಡಕ ಜೇಬಿಗಿಳಿಸಿಕೊಂಡು ಬಂದ. ಹಾಕಿಕೊಂಡು ನೋಡಿದರೆ ತಪ್ಪು ಹಗಲಿನಷ್ಟು ಸ್ಪಷ್ಟ. ತಂತಿಗಳನ್ನು ಅದಲುಬದಲು ಮಾಡಿ ಬಿಗಿದ. "ಈಗ ಒತ್ತಿ ಮಾವ!"

ಠಣ ಠಣ ಠಣ! ಗಂಟೆ ಇಂಪಾಗಿ ಮೊಳಗಿತು. ಇಷ್ಟು ದಿನದ ಶ್ರಮ ಸಾರ್ಥಕವಾಯಿತೆಂದು ಅಳಿಯನ ಕಣ್ಣು ತುಂಬಿತು. "ಕೇಳಿಸ್ತಾ ಮಾವ?"

"ಚೆನ್ನಾಗಿ ಕೇಳಿಸ್ತು" ಎಂದು ಒಳಗಿನಿಂದ ದನಿ ಬಂತು. "ಒಂದ್ ಲೋಟ ಟೀ ತಗೊಂಡ್ ಬಾ. ಸಕ್ಕರೆ ಕಮ್ಮಿ... ಅಲ್ಲ, ಡಾಕ್ಟ್ರು ಹೇಳಿದ್ರಲ್ಲ, ಜಾಸ್ತಿನೇ ಹಾಕು."