ಗೋಲ್‌ಕೀಪರಿನ ಅಪ್ಪ ಕ್ಲಬ್ ಬದಲಿಸಿದ್ದು

ಮಗಳ ಫುಟ್‌ಬಾಲ್ ಭವಿಷ್ಯವನ್ನು ಕೈಗೆತ್ತಿಕೊಂಡಾಗ ನನಗೆ ನನ್ನ ಮೇಲೆ ಸಂಪೂರ್ಣ ವಿಶ್ವಾಸವಿತ್ತು. ಜೀವಮಾನದಲ್ಲಿ ನಾನು ಚೆಂಡು ಒದ್ದದ್ದು ಒಂದೇ ಸಲ. ಆಗ ಚೆಂಡು ಅಲ್ಲೇ ಉಳಿದು ಚಪ್ಪಲಿ ಗಟಾರಕ್ಕೆ ಹೋಯಿತು ಎಂಬುದು ಬೇರೆ ಮಾತು. ಫುಟ್‌ಬಾಲ್ ಅರ್ಥವಾಗಲು ಕಾಲು ಬೇಕಿಲ್ಲ, ತಲೆ ಸಾಕು ಎಂಬುದು ನನ್ನ ಸಿದ್ಧಾಂತ!

ಮಗಳು ಪ್ರಾಪ್ತಿ ಏಳನೇ ಇಯತ್ತೆ. ಹೊನ್ನಾವರದ ನಮ್ಮ ಕ್ಲಬ್ಬಿನಲ್ಲಿ ಗೋಲ್‌ಕೀಪರ್. ಅಂದರೆ, ಗೋಲ್‌ಕೀಪರ್ ಆಗಲು ಕಾಯುತ್ತಾ ಬೆಂಚಿನ ಮೇಲೆ ಕೂತವಳು. ಊರೂರಿಗೆ ಪಂದ್ಯಕ್ಕೆ ಹೋದಾಗಲೆಲ್ಲ ಕೋಚ್ ನಾಯ್ಕ ಸರ್ ಅವಳನ್ನು ಐದು ನಿಮಿಷ ಆಡಿಸುವುದು, ಮತ್ತೆ ಕೂರಿಸುವುದು. ಆ ಐದು ನಿಮಿಷ ನಾನು ಗೆರೆಯ ಪಕ್ಕದಲ್ಲೇ ನಿಂತು, "ಪ್ರಾಪ್ತೀ, ಎಡಕ್ಕೆ! ಬಲಕ್ಕೆ! ಮುಂದೆ ಬಾ! ಹಿಂದೆ ಹೋಗು!" ಎಂದು ಗಂಟಲು ಹರಿಯುವವರೆಗೆ ಮಾರ್ಗದರ್ಶನ ಮಾಡುತ್ತಿದ್ದೆ. ಇಷ್ಟಾದರೂ ಅವಳಿಗೆ ಬೆಂಚೇ ಗತಿ. ಇದು ಅನ್ಯಾಯವಲ್ಲದೆ ಇನ್ನೇನು?

"ಕ್ಲಬ್ ಬದಲಿಸುವಾ. ಕುಮಟೆಯಲ್ಲಿ ಒಳ್ಳೇ ಕ್ಲಬ್ ಇದೆ," ಎಂದು ಒಂದು ದಿನ ಘೋಷಿಸಿದೆ.

ಹೆಂಡತಿ ಶೈಲಾ ಮುರುಗಲ ಹಣ್ಣಿನ ಪಾನಕ ಸೋಸುತ್ತಿದ್ದಳು. ಪ್ರತಿ ಪಂದ್ಯಕ್ಕೂ ಮಕ್ಕಳಿಗೆ ಒಂದು ಕ್ಯಾನ್ ಪಾನಕ ಒಯ್ಯುವುದು ನಮ್ಮ ಮನೆಯ ಪಾಲಿನ ಸೇವೆ. "ಎಂತಕ್ರೀ? ಅವಳ ಗೆಳತಿಯರೆಲ್ಲ ಇಲ್ಲೇ ಇದ್ದಾರೆ. ಮೊದ್ಲು ನಾಯ್ಕ ಸರ್ ಹತ್ರ ಒಂದ್ಮಾತು ಕೇಳಿ," ಎಂದಳು.

"ಕೇಳುದೆಂತ? ಕಣ್ಣಿಗೆ ಕಾಣ್ತದಲ್ಲ!"

"ಅಪ್ಪಾ, ನಂಗೆ ಆಡ್ಲಿಕ್ಕೆ ಸಿಕ್ರೆ ಸಾಕು," ಎಂದಳು ಪ್ರಾಪ್ತಿ. ಅವಳ ಮುಖ ನೋಡಿ ತಡಮಾಡದೆ ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ವಿದಾಯದ ಸಂದೇಶ ಬರೆದೆ. "ಭಾರವಾದ ಹೃದಯದಿಂದ, ಕ್ರೀಡಾ ಹಿತಾಸಕ್ತಿಯನ್ನು ಗಮನದಲ್ಲಿರಿಸಿಕೊಂಡು..." ಎಂದು ಆರಂಭವಾದ ಅದು ಮುಗಿಯುವಷ್ಟರಲ್ಲಿ ನನಗೇ ಕಣ್ಣು ತುಂಬಿತ್ತು. ಮೊದಲ ಉತ್ತರ ಬಂತು: "ಹಾಗಾದ್ರೆ ಬರೋ ವಾರ ಪಾನಕ ಯಾರು ತರುದು?"

ಮಗಳ ಬಗ್ಗೆ ಒಂದಕ್ಷರವಿಲ್ಲ! ನಾನು ತಕ್ಷಣ ಗುಂಪಿನಿಂದ ಹೊರಬಿದ್ದೆ.

ಕುಮಟೆಯಲ್ಲಿ ನಮ್ಮ ಅದೃಷ್ಟ ಖುಲಾಯಿಸಿತು. ಅಲ್ಲಿಯ ಗೋಲ್‌ಕೀಪರ್ ಹುಡುಗಿ ಅಪ್ಪನಿಗೆ ವರ್ಗವಾಗಿ ಊರು ಬಿಟ್ಟಿದ್ದಳು. ಪ್ರಾಪ್ತಿಗೆ ನೇರವಾಗಿ ಗೋಲ್‌ಪೋಸ್ಟ್, ಮೈಮೇಲೆ ಕೆಂಪು ಜೆರ್ಸಿ. ವಾರದಲ್ಲಿ ಮೂರು ಸಂಜೆ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸ್ಕೂಟರ್ ಓಡಿಸಿ ನನ್ನ ಸೊಂಟ ಹೋಯಿತು. ಹೋದರೆ ಹೋಗಲಿ, ಮಗಳು ಆಡುತ್ತಿದ್ದಾಳಲ್ಲ!

ಮೊದಲ ಪಂದ್ಯ ಭಟ್ಕಳದಲ್ಲಿ. ಎದುರಾಳಿ ಯಾರು? ಹೊನ್ನಾವರದ ನೀಲಿ ಜೆರ್ಸಿ!

ಮೊದಲರ್ಧದಲ್ಲಿ ಗಂಟಲು ಕೆಟ್ಟ ಕಾರಣ ನಾನು ಸುಮ್ಮನಿದ್ದೆ. ಪ್ರಾಪ್ತಿ ಬಂದ ಚೆಂಡನ್ನೆಲ್ಲ ಹಿಡಿದಳು. ವಿರಾಮದ ಸೀಟಿ ಕೇಳಿತು. ನಾನು ಕ್ಯಾನ್ ಹೊತ್ತು ಓಡಿ ಮಕ್ಕಳಿಗೆಲ್ಲ ಪಾನಕ ಹಂಚಿದೆ. "ಥ್ಯಾಂಕ್ಯೂ ಅಂಕಲ್, ನೀವಿಲ್ದೆ ಬೇಜಾರಾಗಿತ್ತು," ಎಂದು ಒಂದು ಮಗು ಅಂದಾಗ ಖುಷಿಯಾಯಿತು. ಖಾಲಿ ಕ್ಯಾನನ್ನು ಅಲ್ಲೇ ಇಟ್ಟು ತಿರುಗಿ ನೋಡುತ್ತೇನೆ, ಮೈದಾನದ ಆಚೆ ಬದಿ ಕೆಂಪು ಜೆರ್ಸಿಯ ಹುಡುಗಿಯರು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದಾರೆ. ನಡುವೆ ನನ್ನ ಮಗಳು, ಒಣಗಿದ ತುಟಿ. ಅಭ್ಯಾಸಬಲದಿಂದ ನನ್ನ ಕಾಲು ನೀಲಿಯವರ ಕಡೆಗೇ ಹೋಗಿತ್ತು!

ಈ ಪಾಪವನ್ನು ತೊಳೆದುಕೊಳ್ಳಲು ದ್ವಿತೀಯಾರ್ಧದಲ್ಲಿ ಗೋಲ್‌ಪೋಸ್ಟಿನ ಪಕ್ಕದಲ್ಲೇ ನಿಂತೆ. ಪಾನಕ ಕೊಡದಿದ್ದರೇನು, ಮಾರ್ಗದರ್ಶನ ಕೊಡಬಾರದೇ? ನೀಲಿಯವರು ಚೆಂಡು ತಂದರು. ನಾನು ಇದ್ದಬದ್ದ ದನಿಯನ್ನೆಲ್ಲ ಒಟ್ಟುಮಾಡಿ, "ಪ್ರಾಪ್ತೀ, ಎಡಕ್ಕೆ!" ಎಂದು ಕೂಗಿದೆ. ಅವಳು ತಿರುಗಿ ನನ್ನ ಮುಖ ನೋಡಿದಳು. ಚೆಂಡು ಬಲಕ್ಕೆ ಹೋಯಿತು.

"ಗೋಲ್!" ಎಂದು ನಾನು ಕೈಯೆತ್ತಿ ಕುಣಿದೆ.

ಎರಡು ವರ್ಷ ನೀಲಿ ಜೆರ್ಸಿಯ ಗೋಲಿಗೆ ಕುಣಿದ ದೇಹ, ಸ್ವಾಮಿ. ಅದಕ್ಕೆ ಕ್ಲಬ್ ಬದಲಾದದ್ದು ಯಾರು ತಿಳಿಸಬೇಕು? ಪಕ್ಕದಲ್ಲಿದ್ದ ಭಟ್ಕಳದ ಹಿರಿಯರೊಬ್ಬರು ಬಹಳ ವಿನಯದಿಂದ, "ಭಾಯಿ, ನೀವು ಯಾವ ಕಡೆಯವ್ರು?" ಎಂದು ಕೇಳಿದರು. ಉತ್ತರ ನನಗೂ ಗೊತ್ತಿರಲಿಲ್ಲ.

ಆ ಒಂದು ಗೋಲಿಗೇ ಪಂದ್ಯ ಹೋಯಿತು. ಪ್ರಾಪ್ತಿ ಗ್ಲೌಸ್ ಬಿಚ್ಚುತ್ತಾ, "ಅಪ್ಪಾ, ಇನ್ಮೇಲೆ ನೀನು ಪಂದ್ಯಕ್ಕೆ ಬರ್ಬೇಡ," ಎಂದಳು. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದಳು. ನನಗೆ ನಿಜವಾಗಿಯೂ ಅಳು ಬಂತು.

ಅಷ್ಟರಲ್ಲಿ ನಾಯ್ಕ ಸರ್ ಖಾಲಿ ಕ್ಯಾನ್ ಹಿಡಿದುಕೊಂಡು ಬಂದರು. "ಪಾನಕ ಲಾಯ್ಕಿತ್ತು. ಹುಡುಗಿ ಮೊದಲರ್ಧ ಎಷ್ಟು ಚಂದ ಆಡಿದ್ಲು ನೋಡಿದ್ರಾ? ನೀವು ಕೂಗಿದ್ರೆ ಮಾತ್ರ ಅವಳು ಚೆಂಡು ಬಿಟ್ಟು ನಿಮ್ಮನ್ನು ನೋಡ್ತಾಳೆ. ಅದ್ಕೇ ನಾನು ಕೂರಿಸ್ತಿದ್ದದ್ದು."

"ಮೊದ್ಲೇ ಹೇಳ್ಬಹುದಿತ್ತಲ್ಲ ಸರ್!"

"ಮೂರು ಸಲ ಹೇಳ್ಲಿಕ್ಕೆ ಬಂದೆ. ನೀವು ಕೂಗ್ತಾ ಇದ್ರಿ, ಕೇಳ್ಲಿಲ್ಲ."

ಪಂದ್ಯ ನೋಡಲು ಬಂದಿದ್ದ ಶೈಲಾ ಸರ್ ಕೈಯಿಂದ ಕ್ಯಾನ್ ತೆಗೆದುಕೊಂಡು ನನ್ನ ಕೈಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಕುಮಟೆಯ ಕೋಚ್ ಹತ್ತಿರ ಹೋಗಿ, ತಪ್ಪಾಯಿತು, ನಾವು ಹೊನ್ನಾವರಕ್ಕೇ ಮರಳುತ್ತೇವೆ ಎಂದೆ. ಅವರು ಒಂದು ಕ್ಷಣ ಯೋಚಿಸಿ, "ಹುಡುಗಿ ಬೇಕಾದ್ರೆ ಇಲ್ಲೇ ಇರ್ಲಿ. ನೀವೊಬ್ರು ವಾಪಸ್ ಹೋದ್ರೆ ಆತು," ಎಂದರು. ಆದರೆ ಪ್ರಾಪ್ತಿಗೆ ತನ್ನ ಗೆಳತಿಯರೇ ಬೇಕಾಗಿತ್ತು.

ನಾಯ್ಕ ಸರ್ ಒಂದೇ ಷರತ್ತು ಹಾಕಿದರು. ಮಗಳು ಒಳಗೆ, ಅಪ್ಪ ಮೈದಾನದ ಕಾಂಪೌಂಡಿನ ಹೊರಗೆ. ಮುಂದಿನ ಪಂದ್ಯದ ದಿನ ನಾನು ಕ್ಯಾನಿನ ಜೊತೆ ಗೋಡೆಯಾಚೆ ನಿಂತೆ. ಒಳಗೆ ಹೋ ಎಂಬ ಗದ್ದಲ. ಒಳಗಿದ್ದ ಶೈಲಾಗೆ ಫೋನ್ ಮಾಡಿದೆ.

"ಹಿಡಿದ್ಲು ರೀ! ಹಾರಿ ಹಿಡಿದ್ಲು!"

ಹೇಗೆ ಸುಮ್ಮನಿರಲಿ? "ಶಭಾಷ್ ಪ್ರಾಪ್ತೀ!" ಎಂದು ಗೋಡೆಗೆ ಬಾಯಿಟ್ಟು ಕೂಗಿದೆ. ಮತ್ತೆ ಗದ್ದಲ. ಈ ಸಲ ಶೈಲಾನೇ ಫೋನ್ ಮಾಡಿದಳು.

"ಎಂತಕ್ಕೆ ಕೂಗಿದ್ರಿ? ಗೋಡೆ ಕಡೆ ತಿರುಗಿದ್ಲು. ಗೋಲಾತು."

ಈಗ ಪಂದ್ಯದ ದಿನ ಪಾನಕ ಆಟೋದಲ್ಲಿ ಮೈದಾನಕ್ಕೆ ಹೋಗುತ್ತದೆ. ಪ್ರಾಪ್ತಿಗೆ ಗೋಲ್‌ಪೋಸ್ಟಿನಲ್ಲಿ ಜಾಗ ಖಾಯಂ. ನನಗೆ, ಕೂಗಿದರೂ ಮೈದಾನಕ್ಕೆ ಕೇಳಿಸದ ಬಸ್‌ಸ್ಟ್ಯಾಂಡಿನ ಬೆಂಚು.